ಅಣುಸ್ಥಾವರದ ಬಗ್ಗೆ ಸ್ವಾಮೀಜಿ, ಬಿಷಪ್, ಪೋಪ್ ಮಾತಾಡಬೇಕಾ? ಮಾತಾಡಿದರೆ ಯಾರ ಪರವಾಗಿ?

ತೋಟದಮನೆ

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮದು ಯಲ್ಲಾಪುರ ತಾಲೂಕು, ಕೈಗಾ ಕಡೆ ಇಳಿಯೋ ಘಟ್ಟದ ಮೇಲಿನ ಊರು. ರಾತ್ರಿ ಊಟ ಆದಮೇಲೆ ಎಲ್ಲರೂ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಏಳೆಂಟು ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆ ರಾಶಿ, ಸಿಪ್ಪೆ ಒಂದು ಕಡೆ. ಮಾತು ಎಲ್ಲೆಲ್ಲೋ ಹೋಗಿ ಕೈಗಾ 5 ಮತ್ತು 6ನೇ ಘಟಕಕ್ಕೆ ಬಂತು. ಚಿಕ್ಕಪ್ಪ ಅಂದರು, "ಸ್ವಾಮಿಗಳಿಗೆ ಅಣುಸ್ಥಾವರದ ಉಸಾಬರಿ ಯಾಕೆ? ಪೂಜೆ, ಪಾಠ ಅಂತ ಇದ್ದೇ ಇದೆಯಲ್ಲ."

ಚಿಕ್ಕಮ್ಮ ಕತ್ತಿಯಿಂದ ಕೈ ತೆಗೆಯದೆ ಹೇಳಿದರು, "ಅವರು ಹೇಳದೇ ಇದ್ದರೆ ನಾವು ಹೇಳಿದ್ದನ್ನು ಯಾರು ಕೇಳುತ್ತಿದ್ದರು?"

ಅಲ್ಲಿಗೆ ಚಿಕ್ಕಪ್ಪ ಸುಮ್ಮನಾದರು. ನನಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಕೈಗಾದಲ್ಲಿ ಈಗ 220 ಮೆಗಾವಾಟ್‌ನ 4 ಘಟಕ ಇವೆ. ಹೊಸದಾಗಿ 700 ಮೆಗಾವಾಟ್‌ನ 2 ಘಟಕ ಅಂದಾಗ, 2018ರ ಹೊತ್ತಿಗೆ, ಸೋಂದಾ ಸ್ವರ್ಣವಲ್ಲಿ ಮಠದ ಗಂಗಾಧರೇಂದ್ರ ಸರಸ್ವತಿ ಸ್ವಾಮೀಜಿ ಬಹಿರಂಗವಾಗಿ ಬೇಡ ಅಂದರು. ಕಾಡು, ನದಿ, ಜನರ ಆರೋಗ್ಯ, ಮೂರರ ಹೆಸರಲ್ಲೂ ಬೇಡ ಅಂದರು. ನಮ್ಮ ಕಡೆ ಅದು ಸಣ್ಣ ವಿಷಯ ಅಲ್ಲ. ಶಿವರಾಮ ಕಾರಂತರು 1989ರಲ್ಲಿ ಪರಿಸರದ ಪ್ರಶ್ನೆ ಇಟ್ಟುಕೊಂಡೇ ಇಲ್ಲಿಂದ ಲೋಕಸಭೆಗೆ ನಿಂತಿದ್ದರು, ಸೋತರು. ಅಂಥ ದೊಡ್ಡ ಸಾಹಿತಿಗೆ ವೋಟು ಹಾಕದ ಮನೆಗಳೂ ಮಠದ ಮಾತು ಅಂದರೆ ನಿಂತು ಕೇಳುತ್ತವೆ.

ಆಮೇಲೆ ಬೇರೆ ಕಡೆ ಧರ್ಮಗುರುಗಳು ಏನು ಮಾಡಿದ್ದಾರೆ ಅಂತ ಓದುತ್ತಾ ಹೋದೆ. ಪೋಪ್ ಫ್ರಾನ್ಸಿಸ್ 2019ರ ನವೆಂಬರ್‌ನಲ್ಲಿ ಜಪಾನ್‌ಗೆ ಹೋಗಿದ್ದರಲ್ಲ, ಅದರಲ್ಲೇ ಸಿಕ್ಕಿಕೊಂಡೆ. 24ನೇ ತಾರೀಕು ನಾಗಸಾಕಿಯಲ್ಲಿ ಜೋರು ಮಳೆ. ಆ ಮಳೆಯಲ್ಲಿ ನಿಂತು, ಅದೇ ದಿನ ಸಂಜೆ ಹಿರೋಶಿಮಾದಲ್ಲಿ ನಿಂತು, ಅಣುಬಾಂಬ್ ಹಾಕೋದು ಮಾತ್ರ ಅಲ್ಲ, ಇಟ್ಟುಕೊಳ್ಳೋದೂ ಅನೀತಿ ಅನ್ನೋ ನಿಲುವನ್ನು ನೇರವಾಗಿ ಹೇಳಿದರು. ಮರುದಿನ ಟೋಕಿಯೋದಲ್ಲಿ 2011ರ ಭೂಕಂಪ, ಸುನಾಮಿ, ಫುಕುಶಿಮಾ ಅಪಘಾತದ ಸಂತ್ರಸ್ತರನ್ನು ಕಂಡರು. 8 ವರ್ಷದವನಿದ್ದಾಗ ಫುಕುಶಿಮಾ ಕಡೆಯ ಇವಾಕಿ ಊರು ಬಿಟ್ಟ ಹುಡುಗನೊಬ್ಬ ಅಲ್ಲಿ ಮಾತಾಡಿದ. ಹೊಸ ಶಾಲೆಯಲ್ಲಿ ತನ್ನನ್ನು ಹೇಗೆ ಹಿಂಸೆ ಮಾಡಿದರು ಅಂತ ಹೇಳಿದ. ಪೋಪ್ ಅವನನ್ನು ತಬ್ಬಿಕೊಂಡರು.

ಅಷ್ಟೆಲ್ಲ ಆದಮೇಲೂ ಅಣುಸ್ಥಾವರದ ಮಾತು ಬಂದಾಗ ಅವರು ಅಂದದ್ದು, ಜಪಾನಿನ ಬಿಷಪ್‌ಗಳು ಸ್ಥಾವರ ಮುಚ್ಚಬೇಕು ಅಂತ ಕೇಳಿದ್ದಾರೆ ಅಂತ. ನಾನು ಕೇಳುತ್ತೇನೆ ಅನ್ನಲಿಲ್ಲ. 26ಕ್ಕೆ ವಾಪಸ್ ಹೋಗುವಾಗ ವಿಮಾನದಲ್ಲಿ ಪತ್ರಕರ್ತರು ಕೇಳಿದಾಗ ಮಾತ್ರ, ಇದು ನನ್ನ ಸ್ವಂತ ಅಭಿಪ್ರಾಯ, ಪೂರ್ತಿ ಸುರಕ್ಷಿತ ಆಗೋವರೆಗೆ ನಾನಾದರೆ ಬಳಸೋದಿಲ್ಲ ಅನ್ನೋ ಅರ್ಥದ ಮಾತು ಹೇಳಿದರು.

ನನಗೆ ಅರ್ಥ ಆಗದ್ದು ಇದೇ. ನೊಂದ ಹುಡುಗ ಎದುರಿಗಿದ್ದಾಗ ಬಿಷಪ್‌ಗಳ ಹೆಸರಲ್ಲಿ ಹೇಳಿದ ಮಾತನ್ನು ವಿಮಾನ ಹತ್ತಿದ ಮೇಲೆ ಸ್ವಂತ ಹೆಸರಲ್ಲಿ ಹೇಳೋದು ಯಾಕೆ? ಬಲ್ಲವರು ಹೇಳಿ.

ಭಾರಜಲ

ನಾನು ಅಣು ವಿದ್ಯುತ್ ಕ್ಷೇತ್ರದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ನೀವು ಕೇಳಿದ್ದಕ್ಕೆ ಉತ್ತರ ವಿಯೆನ್ನಾದಲ್ಲಿದೆ. ವ್ಯಾಟಿಕನ್ ಬರೀ ಚರ್ಚ್ ಅಲ್ಲ, ಹೋಲಿ ಸೀ ಅನ್ನೋ ಹೆಸರಲ್ಲಿ ಅದು ದೇಶಗಳ ಜೊತೆ ಕೂತು ಸಹಿ ಹಾಕುತ್ತದೆ. 1957ರಲ್ಲಿ, ಈಗ ವಿಯೆನ್ನಾದಲ್ಲಿರೋ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಭಾರತ ಇತ್ತು, ಹೋಲಿ ಸೀ ಕೂಡ ಇತ್ತು. ಆ ಸಂಸ್ಥೆ ಹುಟ್ಟಿದ್ದೇ ಎರಡು ಕೆಲಸಕ್ಕೆ: ಬಾಂಬ್ ಹರಡದಂತೆ ನೋಡೋದು, ವಿದ್ಯುತ್ತಿಗೆ, ಆಸ್ಪತ್ರೆಗೆ, ಬೇಸಾಯಕ್ಕೆ ಅಣು ತಂತ್ರಜ್ಞಾನ ಕೊಡೋದು. ಪೋಪ್ ಬೆನೆಡಿಕ್ಟ್ 2007ರಲ್ಲಿ ಅದರ 50ನೇ ವರ್ಷಕ್ಕೆ ಈ ಎರಡನ್ನೂ ಬೆಂಬಲಿಸಿ ಮಾತಾಡಿದರು.

ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ನಿಂತಿರೋದೂ ಇದೇ ಕೊಡುಕೊಳ್ಳುವಿಕೆ ಮೇಲೆ. ಬಾಂಬ್ ಮಾಡೋದಿಲ್ಲ ಅಂತ ಬರೆದುಕೊಟ್ಟ ದೇಶಕ್ಕೆ ಶಾಂತಿಯ ಬಳಕೆಗೆ ಹಕ್ಕು ಇರುತ್ತದೆ. 2017ರಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದ ಬಂದಾಗ ಸಹಿಗೆ ತೆರೆದ ಮೊದಲ ದಿನವೇ, ಸೆಪ್ಟೆಂಬರ್ 20ಕ್ಕೆ, ವ್ಯಾಟಿಕನ್ ಸಹಿ ಹಾಕಿ ಅನುಮೋದನೆಯನ್ನೂ ಕೊಟ್ಟಿತು. ಆ ದಿನ ಎರಡನ್ನೂ ಮುಗಿಸಿದ್ದು ಮೂರೇ: ಗಯಾನಾ, ಥಾಯ್ಲೆಂಡ್, ವ್ಯಾಟಿಕನ್. ಬಾಂಬ್ ಬೇಡ ಅನ್ನೋ ಆ ಒಪ್ಪಂದ ಕೂಡ ಶಾಂತಿಯ ಬಳಕೆಯ ಹಕ್ಕನ್ನು ಮುಟ್ಟೋದಿಲ್ಲ.

ಈಗ ಯೋಚನೆ ಮಾಡಿ. ಬಾಂಬ್ ವಿರೋಧಿಸಿ ವ್ಯಾಟಿಕನ್ ಜೊತೆ ನಿಂತ ಎಷ್ಟೋ ಬಡ ದೇಶಗಳಿಗೆ ಕರೆಂಟ್ ಬೇಕು. ಪೋಪ್ ತಮ್ಮ ಪೀಠದ ಹೆಸರಲ್ಲಿ ಸ್ಥಾವರವೂ ಬೇಡ ಅಂದುಬಿಟ್ಟರೆ ಮೇಜಿನ ಸುತ್ತ ಇರೋ ಆ ದೇಶಗಳಿಗೆ ಏನು ಹೇಳೋದು? ಅದಕ್ಕೇ ಬಾಂಬ್ ವಿಷಯಕ್ಕೆ ಪೀಠದ ಮಾತು, ಸ್ಥಾವರದ ವಿಷಯಕ್ಕೆ ಸ್ವಂತ ಮಾತು. ನನಗೆ ಅದು ತಪ್ಪು ಅನ್ನಿಸೋದಿಲ್ಲ. ಯಾವ ಮಾತು ಯಾವ ಕುರ್ಚಿಯಿಂದ ಅಂತ ಅವರು ಬಿಡಿಸಿ ಹೇಳಿದರು. ಎಷ್ಟು ಜನ ಗುರುಗಳು ಹಾಗೆ ಹೇಳುತ್ತಾರೆ?

ಕಡಲ ಬದಿ

ಭಾರಜಲ ಸರ್, ನೀವು ಹೇಳಿದ್ದು ಸರಿ ಇರಬಹುದು. ಆದರೆ ಆ ಕುರ್ಚಿ ಲೆಕ್ಕದ ಭಾರ ಯಾರ ಮೇಲೆ ಬೀಳುತ್ತದೆ ಅಂತ ನಾನು ನೋಡಿದ್ದೇನೆ.

ನಾನು ಮಂಗಳೂರಿನವಳು, ಕ್ಯಾಥೊಲಿಕ್. 2012ರಲ್ಲಿ ಗೆಳತಿಯರ ಜೊತೆ ತಮಿಳುನಾಡಿನ ಇಡಿಂತಕರೈಗೆ ಹೋಗಿದ್ದೆ. ಕೂಡಂಕುಳಂ ಸ್ಥಾವರದ ಪಕ್ಕದ ಮೀನುಗಾರರ ಊರು. ಲೂರ್ದು ಮಾತೆಯ ಚರ್ಚ್ ಎದುರಿಗೆ ದೊಡ್ಡ ಚಪ್ಪರ. ಹೆಂಗಸರು ಉಪವಾಸ ಕೂತ ಜಾಗದಲ್ಲೇ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಟ್ಟೆ, ಎಲೆ, ಕತ್ತರಿ, ನೂಲು. ನಮ್ಮ ನೆರೆಮನೆಯ ಆಂಟಿಯವರು ತಡ್ಪೆ ಇಟ್ಟುಕೊಂಡು ಹೀಗೇ ಕೂರುತ್ತಿದ್ದರು, ಅದಕ್ಕೇ ನನಗೆ ತಟ್ಟಂತ ಹತ್ತಿರ ಅನ್ನಿಸಿತು. ಉಪವಾಸ ಆದರೂ ದಿನದ ಸಾವಿರ ಬೀಡಿ ತಪ್ಪಿಸೋ ಹಾಗಿಲ್ಲ, ಮಾರಾಯ್ರೆ. ಚಪ್ಪರದಲ್ಲಿ ಒಬ್ಬರು ವಯಸ್ಸಾದವರು ಇದ್ದರು. ಅವರ ಹತ್ತಿರ ಕೇಳಿದೆ, ಬಿಷಪ್ ಹೇಳಿದ್ದಕ್ಕೆ ಕೂತಿದ್ದೀರಾ ಅಂತ. ಅವರಿಗೆ ಸಿಟ್ಟೇ ಬಂತು. ಬಿಷಪ್‌ರನ್ನು ನಾವು ಕರೆದದ್ದು, ಅವರಾಗಿ ಬಂದದ್ದಲ್ಲ ಅಂದರು.

ಹೊರಗೆ ಅದನ್ನು ಯಾರೂ ನಂಬಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಉಪವಾಸ ಆದಮೇಲೆ ಮುಖ್ಯಮಂತ್ರಿ ಜಯಲಲಿತಾ ಅವರ ಸಂಪುಟ, ಜನರ ಭಯ ಹೋಗೋವರೆಗೆ ಕೆಲಸ ನಿಲ್ಲಿಸಿ ಅಂತ ನಿರ್ಣಯ ಮಾಡಿತು. 2012ರ ಮಾರ್ಚ್‌ನಲ್ಲಿ ಶಂಕರನ್‌ಕೋವಿಲ್ ಉಪಚುನಾವಣೆ ಮುಗಿದ ಕೂಡಲೇ ಮಾತು ಬದಲಾಯಿತು. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ವಿರೋಧದ ಹಿಂದೆ ವಿದೇಶಿ ಸಂಸ್ಥೆಗಳಿವೆ ಅಂದಿದ್ದರು. ತೂತುಕುಡಿ ಧರ್ಮಪ್ರಾಂತ್ಯದ ಸಂಸ್ಥೆಗಳ ವಿದೇಶಿ ದೇಣಿಗೆ ಖಾತೆ ನಿಲ್ಲಿಸಿದರು. ಬಿಷಪ್ ಇವೊನ್ ಅಂಬ್ರೋಸ್ ಆ ದುಡ್ಡು ಚಳವಳಿಗೆ ಹೋಗಿಲ್ಲ ಅಂತ ಹೇಳುತ್ತಲೇ ಇದ್ದರು. ಸೆಪ್ಟೆಂಬರ್ 10ಕ್ಕೆ ಕಡಲ ಬದಿಯಲ್ಲಿ ಜನರ ಮೇಲೆ ಅಶ್ರುವಾಯು, ಲಾಠಿ. ಅದೇ ದಿನ ಮಣಪಾಡ್‌ನಲ್ಲಿ ಗೋಲಿಬಾರ್ ಆಗಿ ಒಬ್ಬ ಮೀನುಗಾರ ಸತ್ತ.

ಆಗ ಒಂದು ಕಡೆ ಪ್ಯಾರಿಷ್ ಫಾದರ್, ಬಿಷಪ್ ಮೇಲೆ ಕೇಸು, ಆಪಾದನೆ. ಇನ್ನೊಂದು ಕಡೆ ಅದೇ ಕ್ಯಾಥೊಲಿಕ್ ಚರ್ಚಿನ ರಾಯಭಾರಿ ವಿಯೆನ್ನಾದಲ್ಲಿ ಶಾಂತಿಯ ಬಳಕೆಗೆ ಬೆಂಬಲ. ನಾನು ದಿನಾ ಕಾದಿದ್ದೆ, ರೋಮ್‌ನಿಂದ ಒಂದು ಮಾತು ಬರಬಹುದು ಅಂತ. ಸ್ಥಾವರ ಬೇಡ ಅಂತಲೂ ಹೇಳಬೇಕಿರಲಿಲ್ಲ. ಆ ಹೆಂಗಸರ ಮಾತು ಕೇಳಿ ಅಂದಿದ್ದರೆ ಸಾಕಿತ್ತು. ಅಂಥ ಮಾತು ನಮ್ಮ ಕಿವಿಗೆ ಬೀಳಲಿಲ್ಲ.

ಸುಮ್ನೆ ಓದುಗ

ಅಕ್ಕಾ, ಕೊನೆಗೆ ಕೂಡಂಕುಳಂ ಶುರುವಾಯಿತಲ್ಲ. ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ಚರ್ಚ್ ಮಧ್ಯೆ ಬಂದು ಏನು ಉಪಯೋಗ ಆಯಿತು?

ಕಡಲ ಬದಿ

2013ರ ಮೇ 6ಕ್ಕೆ ತೀರ್ಪು ಬಂತು, ಹೌದು. ಸ್ಥಾವರಕ್ಕೆ ತಡೆ ಸಿಗಲಿಲ್ಲ. ಆದರೆ ಅದೇ ತೀರ್ಪಿನಲ್ಲಿ 15 ನಿರ್ದೇಶನ ಇದ್ದವು, ಸುರಕ್ಷತೆಯದ್ದು, ಜನರ ಮೇಲಿನ ಕೇಸು ವಾಪಸ್ ತೆಗೆಯೋಕೆ ಪ್ರಯತ್ನಿಸಿ ಅನ್ನೋದು ಕೂಡ ಅದರಲ್ಲಿ ಸೇರಿತ್ತು. ಚರ್ಚ್ ಅಂಗಳ ಇಲ್ಲದಿದ್ದರೆ ಆ ಜನ ಎಲ್ಲಿ ಕೂರುತ್ತಿದ್ದರು ಹೇಳಿ. ಊರಲ್ಲಿ ಅಷ್ಟು ಜನ ಸೇರೋಕೆ ಇದ್ದ ಜಾಗ ಅದೊಂದೇ. ಗಂಟೆ ಹೊಡೆದರೆ ಎಲ್ಲ ಮನೆಗೂ ಕೇಳುತ್ತದೆ.

ಮುಂಡಗೋಡ ಮೇಷ್ಟ್ರು

ಒಳ್ಳೆ ಚರ್ಚೆ. ಬೌದ್ಧರ ಕಡೆಯದ್ದು ಸ್ವಲ್ಪ ಸೇರಿಸುತ್ತೇನೆ. ನಮ್ಮ ಮುಂಡಗೋಡದಲ್ಲಿ ಟಿಬೆಟಿಯನ್ ಕಾಲೊನಿ ಇರೋದು ಎಲ್ಲರಿಗೂ ಗೊತ್ತು. ಅದೂ ಕೈಗಾ ಇರೋ ಉತ್ತರ ಕನ್ನಡ ಜಿಲ್ಲೆಯೇ.

2011ರ ನವೆಂಬರ್‌ನಲ್ಲಿ, ಫುಕುಶಿಮಾ ಆಗಿ 8 ತಿಂಗಳಿಗೆ, ದಲಾಯಿ ಲಾಮಾ ಜಪಾನ್‌ಗೆ ಹೋಗಿ ಸುನಾಮಿ ಬಡಿದ ಊರುಗಳಲ್ಲಿ ಪ್ರಾರ್ಥನೆ ಮಾಡಿದರು. ಟೋಕಿಯೋದಲ್ಲಿ ಪತ್ರಕರ್ತರು ಅಣು ವಿದ್ಯುತ್ ಬಗ್ಗೆ ಕೇಳಿದರು. ದಲಾಯಿ ಲಾಮಾ ಬೇಡ ಅನ್ನುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವರು ಬೇಡ ಅನ್ನಲಿಲ್ಲ. ಒಂದೇ ಮಗ್ಗುಲು ನೋಡಿ ತೀರ್ಮಾನ ಮಾಡಬಾರದು, ಬಡ ದೇಶಗಳ ಜನರಿಗೂ ಶಕ್ತಿ ಬೇಕು, ಗಾಳಿ, ನೀರು ಮಾತ್ರ ಸಾಲದು, ಎಚ್ಚರಿಕೆ ಮಾತ್ರ ಪೂರ್ತಿ ಇರಬೇಕು ಅನ್ನೋ ಅರ್ಥದಲ್ಲಿ ಹೇಳಿದರು. ನೊಂದವರ ನಡುವಿನಿಂದ ಬಂದು ಜನಪ್ರಿಯ ಅಲ್ಲದ ಮಾತು ಹೇಳೋಕೆ ಧೈರ್ಯ ಬೇಕು.

ಅದೇ ತಿಂಗಳು 8ಕ್ಕೆ ಜಪಾನಿನ ಕ್ಯಾಥೊಲಿಕ್ ಬಿಷಪ್‌ಗಳು ಸೆಂಡಾಯ್‌ನಲ್ಲಿ ಸೇರಿ ಎಲ್ಲ ಸ್ಥಾವರ ಕೂಡಲೇ ಮುಚ್ಚಿ ಅಂದರು. ಮುಂದಿನ ತಿಂಗಳು ಜಪಾನ್ ಬೌದ್ಧ ಮಹಾಸಂಘ, ಅಣು ವಿದ್ಯುತ್ ನೆಚ್ಚಿಕೊಳ್ಳದ ಬದುಕು ಬೇಕು ಅಂತ ಘೋಷಣೆ ಹೊರಡಿಸಿತು. ಅಲ್ಲಿನ ಬೌದ್ಧರಿಗೆ ಇದರಲ್ಲಿ ಒಳಗಿನ ನೋವೂ ಇತ್ತು. ಫುಕುಯಿ ಪ್ರಾಂತ್ಯದ ಎರಡು ರಿಯಾಕ್ಟರ್‌ಗಳ ಹೆಸರು ಮೊಂಜು ಮತ್ತು ಫುಗೆನ್. ಮಂಜುಶ್ರೀ, ಸಮಂತಭದ್ರ ಅನ್ನೋ ಇಬ್ಬರು ಬೋಧಿಸತ್ವರ ಹೆಸರು ಅವು. ಅರಿವು ಮತ್ತು ಕರುಣೆ ಈ ಶಕ್ತಿಯನ್ನು ಹತೋಟಿಯಲ್ಲಿ ಇಡಲಿ ಅನ್ನೋ ಆಸೆಯಿಂದ ಇಟ್ಟದ್ದು. ಮೊಂಜುವಿನಲ್ಲಿ 1995ರಲ್ಲಿ ಸೋಡಿಯಂ ಸೋರಿ ಬೆಂಕಿ ಬಿತ್ತು, ಅದನ್ನು ಮುಚ್ಚಿಡಲು ನೋಡಿದ್ದು ಹೊರಬಂತು, 2016ರಲ್ಲಿ ಶಾಶ್ವತವಾಗಿ ಮುಚ್ಚೋ ತೀರ್ಮಾನ ಆಯಿತು. ಆ ಪ್ರಾಂತ್ಯದಲ್ಲೇ ಇರೋ ಏಹೇಜಿ ಮಠ 2011ರಲ್ಲಿ ಅಣು ವಿದ್ಯುತ್ ಬಗ್ಗೆ ವಿಚಾರ ಸಂಕಿರಣ ಇಟ್ಟಿತು. ದೇವರ ಹೆಸರು ಇಟ್ಟದ್ದಕ್ಕೆ ಉತ್ತರ ಹೇಳಬೇಕಲ್ಲ ಅಂತ ಒಂದು ಮಠಕ್ಕೆ ಅನ್ನಿಸೋದು ನನಗೆ ದೊಡ್ಡ ವಿಷಯ.

ಇಸಾರ್ ದಂಡೆ

ಜರ್ಮನಿಯಿಂದ. ಇಲ್ಲಿಗೆ ಬಂದು 14 ವರ್ಷ ಆಯಿತು. ಇಲ್ಲಿ ಧರ್ಮಗುರುಗಳು ಹೊರಗೆ ನಿಂತು ಕೂಗಲಿಲ್ಲ, ಸರ್ಕಾರವೇ ಒಳಗೆ ಕರೆದು ಕೂರಿಸಿತು. ಫುಕುಶಿಮಾ ಆದ ಕೂಡಲೇ ಚಾನ್ಸಲರ್ ಮರ್ಕೆಲ್ ಅಣು ವಿದ್ಯುತ್ತಿನ ಸರಿ ತಪ್ಪು ವಿಚಾರಿಸೋಕೆ ಒಂದು ನೀತಿ ಆಯೋಗ ಮಾಡಿದರು. ಅದರಲ್ಲಿ ಮ್ಯೂನಿಕ್‌ನ ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್ ಇದ್ದರು, ಪ್ರಾಟೆಸ್ಟಂಟ್ ಬಿಷಪ್ ಉಲ್ರಿಶ್ ಫಿಶರ್ ಇದ್ದರು. 2011ರ ಮೇ ಕೊನೆಗೆ ವರದಿ ಬಂತು: ಹತ್ತು ವರ್ಷದೊಳಗೆ ಅಣು ವಿದ್ಯುತ್ ಬಿಡಬಹುದು. ಕೊನೆಯ 3 ರಿಯಾಕ್ಟರ್ 2023ರ ಏಪ್ರಿಲ್ 15ಕ್ಕೆ ನಿಂತವು. ಒಂದು ನಮ್ಮ ಇಸಾರ್ ನದಿ ದಂಡೆಯದ್ದೇ, ಲಾಂಡ್ಸ್‌ಹುಟ್ ಹತ್ತಿರ.

ಇದನ್ನು ಗೆಲುವು ಅಂತ ಬರೆಯೋಕೆ ನನಗೆ ಮನಸ್ಸು ಬರೋದಿಲ್ಲ. ಪಶ್ಚಿಮ ಜರ್ಮನಿಯಲ್ಲಿ ಇಮೆರಾತ್ ಅಂತ ಒಂದು ಹಳ್ಳಿ ಇತ್ತು. ಗಾರ್ಜ್‌ವೈಲರ್ ಕಂದು ಕಲ್ಲಿದ್ದಲು ಗಣಿಗೆ ಊರೇ ಹೋಯಿತು. ಎರಡು ಗೋಪುರದ ಅಲ್ಲಿನ ದೊಡ್ಡ ಚರ್ಚನ್ನು 2018ರ ಜನವರಿಯಲ್ಲಿ ಕೆಡವಿದರು. ಜೆಸಿಬಿಯಂಥ ಯಂತ್ರದ ಉದ್ದ ಕೈ ಗೋಪುರಕ್ಕೆ ತಾಗಿ ಕಲ್ಲು ಉದುರೋ ವಿಡಿಯೋ ಈಗಲೂ ಸಿಗುತ್ತದೆ. ಆ ಊರು ಎಬ್ಬಿಸೋ ಕೆಲಸ 2011ಕ್ಕೂ ಮೊದಲೇ ಶುರುವಾಗಿತ್ತು, ಅಣುಸ್ಥಾವರ ಮುಚ್ಚಿದ್ದಕ್ಕೇ ಚರ್ಚ್ ಬಿತ್ತು ಅಂದರೆ ಸುಳ್ಳಾಗುತ್ತದೆ. ಆದರೂ ನನ್ನ ಪ್ರಶ್ನೆ ಇದೆ. ಅಣುವಿಗೆ ನೀತಿ ಆಯೋಗ ಕೂತಿತು. ಕಲ್ಲಿದ್ದಲಿಗೆ ಮನೆ ಕಳೆದುಕೊಂಡವರಿಗೆ, ಹೊಗೆ ಕುಡಿದವರಿಗೆ ಅಂಥ ಆಯೋಗ ಆಗಲೇ ಯಾಕೆ ಕೂರಲಿಲ್ಲ?

ಭಾರಜಲ

ಇದೇ ನನ್ನ ಹೊಟ್ಟೆಯೊಳಗಿನ ಮಾತು. ನಮ್ಮಲ್ಲೂ ಹಾಗೇ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಕಲ್ಲಿದ್ದಲು ಸುಡೋ ಉಷ್ಣ ಸ್ಥಾವರ ಇದೆ. ಅಲ್ಲಿನ ಹಾರುಬೂದಿ ಬಟ್ಟೆ ಒಣಹಾಕಿದರೆ ಬಟ್ಟೆ ಮೇಲೆ ಕೂರುತ್ತದೆ, ನಾನು ಅಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದಾಗ ಕುಡಿಯೋ ನೀರಿನ ಬಿಂದಿಗೆಗೆ ಒದ್ದೆ ಬಟ್ಟೆ ಕಟ್ಟಿಡುತ್ತಿದ್ದರು. ಕೈಗಾದಷ್ಟು ಜೋರಾಗಿ ಆ ಬೂದಿಯ ಬಗ್ಗೆ ಮಾತಾಡೋ ಪೀಠ ನನಗೆ ಕಂಡಿಲ್ಲ. ಉಡುಪಿಯ ನಂದಿಕೂರು ಕಲ್ಲಿದ್ದಲು ಸ್ಥಾವರದ ವಿಷಯಕ್ಕೆ ಪೇಜಾವರದ ವಿಶ್ವೇಶತೀರ್ಥರು ದನಿ ಎತ್ತಿದ್ದರು, ಅದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಕೈಗಾ ಬಗ್ಗೆ ಒಳ್ಳೇದು ಮಾತ್ರ ಹೇಳಿ ಹೋಗೋದಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ಹಾಕಿರಲಿಲ್ಲ, ಅದು ನಮ್ಮ ಅದೃಷ್ಟ. 2009ರಲ್ಲಿ ಕುಡಿಯೋ ನೀರಿನ ಕೂಲರ್‌ಗೆ ವಿಕಿರಣ ಸೂಸೋ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಅದು ಕಂಡುಬಂತು. ಅದೇ ಕೈಗಾದ ಮೊದಲ ಘಟಕ 2018ರ ಕೊನೆಗೆ ಒಂದೇ ಸಮ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಇಷ್ಟೂ ನಿಜ. ಸ್ವಾಮೀಜಿ ಮಾತಾಡುವಾಗ ಇಷ್ಟೂ ಅವರ ಮುಂದೆ ಇರಬೇಕು.

ನನ್ನ ಬೇಡಿಕೆ ಒಂದೇ. ಯಾರ ಭೂಮಿ, ಯಾರನ್ನು ಕೇಳಿದಿರಿ, ಅಪಘಾತ ಆದರೆ ಯಾರನ್ನು ಎಲ್ಲಿಗೆ ಕರೆದೊಯ್ಯುತ್ತೀರಿ, ಇಂಥ ಪ್ರಶ್ನೆ ಕೇಳೋಕೆ ಮಠಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಕ್ಯಾನ್ಸರ್ ಇಷ್ಟು ಜಾಸ್ತಿ ಆಗಿದೆ ಅನ್ನೋ ಲೆಕ್ಕ ವೇದಿಕೆ ಮೇಲಿನಿಂದ ಬರಬಾರದು. ಅದು ರೋಗಿಗಳ ನೋಂದಣಿ, ವರ್ಷಗಟ್ಟಲೆ ಅಳತೆ ಮಾಡೋರ ಕೆಲಸ. ಗುರುಗಳ ಬಾಯಿಂದ ಒಂದು ತಪ್ಪು ಅಂಕಿ ಬಂದರೆ ಭಕ್ತರು ಅದನ್ನು ತಿದ್ದೋದಿಲ್ಲ, ಹಾಗೇ ನಂಬಿಬಿಡುತ್ತಾರೆ.

ತೋಟದಮನೆ

ಎಲ್ಲರಿಗೂ ನಮಸ್ಕಾರ. ಎರಡು ಸಲ ಓದಿದೆ.

ನಾನು ಶುರುವಿನಲ್ಲಿ ಪೋಪ್ ಮೇಲೆ ಸ್ವಲ್ಪ ಸಿಟ್ಟಾಗಿದ್ದೆ. ಭಾರಜಲ ಸರ್ ಹೇಳಿದ ಮೇಲೆ ಅವರ ಕಷ್ಟ ತಿಳಿಯಿತು. ಆದರೂ ನನ್ನ ಮನಸ್ಸು ಕಡಲ ಬದಿ ಅಕ್ಕನ ಕಡೆಗೇ ವಾಲುತ್ತದೆ. ಪೀಠ ದೊಡ್ಡದಾದಷ್ಟೂ ಮಾತು ಅಳೆದು ತೂಗಿ ಬರುತ್ತದೆ, ಅದು ಸಹಜ. ದೇಶಗಳ ಜೊತೆ ಕೂರುವವರು ಹಾಗೆ ಮಾಡಲೇಬೇಕೇನೋ. ಆದರೆ ಸ್ಥಾವರದ ಪಕ್ಕ ಮನೆ ಇರೋರಿಗೆ ಬೇಕಾಗಿರೋದು, ಬೇಡ ಅಥವಾ ಬೇಕು ಅನ್ನೋ ತೀರ್ಪಿಗಿಂತ ಮೊದಲು, ತಮ್ಮ ಜೊತೆ ನಿಂತು ಪ್ರಶ್ನೆ ಕೇಳೋ ಒಬ್ಬ ಮನುಷ್ಯ. ಇಡಿಂತಕರೈ ಹೆಂಗಸರು ಬಿಷಪ್‌ರನ್ನು ಕರೆದದ್ದು ಅದಕ್ಕೇ. ನಮ್ಮ ಚಿಕ್ಕಮ್ಮ ಹೇಳಿದ್ದೂ ಅದನ್ನೇ.

ಇನ್ನೊಂದು ವಿಷಯ ಈ ಚರ್ಚೆಯಲ್ಲಿ ಬರಲಿಲ್ಲ. ಕೈಗಾದಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡೋ ಹುಡುಗರು ನಮ್ಮ ಊರಿನವರೂ ಇದ್ದಾರೆ. ಅವರಲ್ಲಿ ಒಬ್ಬ ನನ್ನ ಜೊತೆ ಶಾಲೆಗೆ ಬಂದವನು. ಮಠದ ಸಭೆಗೂ ಅವನು ಬರುತ್ತಾನೆ, ಹಿಂದಿನ ಸಾಲಿನಲ್ಲಿ ಕೂರುತ್ತಾನೆ, ಏನೂ ಮಾತಾಡೋದಿಲ್ಲ. ಸ್ಥಾವರ ಬೇಡ ಅಂದರೆ ಅವನ ಸಂಬಳ ಹೋಗುತ್ತದೆ, ಬೇಕು ಅಂದರೆ ಅವನ ಅಮ್ಮನಿಗೆ ಸಿಟ್ಟು ಬರುತ್ತದೆ. ಅವನ ಪರವಾಗಿ ಮಾತಾಡೋರು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಚಾತುರ್ಮಾಸ್ಯದಲ್ಲಿ ಮನೆಯವರೆಲ್ಲ ಸ್ವರ್ಣವಲ್ಲಿಗೆ ಹೋಗುತ್ತೇವೆ. ಈ ಸಲ ಶ್ರೀಗಳಿಗೆ ಒಂದು ಮನವಿ ಬರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಪಘಾತ ಆದರೆ ಘಟ್ಟದ ಮೇಲಿನ ಒಂಟಿ ಮನೆಗಳಿಗೆ ಮಳೆಗಾಲದಲ್ಲಿ ಸುದ್ದಿ ಹೇಗೆ ಮುಟ್ಟುತ್ತದೆ, ಆಗ ಮೊಬೈಲ್ ಸಿಗ್ನಲ್ಲೇ ಇರೋದಿಲ್ಲ. ಅಪಘಾತ ಆದಾಗ ನುಂಗಬೇಕಾದ ಅಯೋಡಿನ್ ಮಾತ್ರೆ ಯಾರ ಹತ್ತಿರ ಇದೆ. ಗುತ್ತಿಗೆ ಕೆಲಸಗಾರರ ಆರೋಗ್ಯದ ತಪಾಸಣೆ ಕೆಲಸ ಬಿಟ್ಟ ಮೇಲೂ ನಡೆಯುತ್ತದಾ. ಇದನ್ನು ಮಠದ ಕಡೆಯಿಂದ ಜಿಲ್ಲಾಡಳಿತಕ್ಕೆ ಕೇಳಿ ಅಂತ ಕೋರುತ್ತೇನೆ.

ಭಾರಜಲ

ಮನವಿಯಲ್ಲಿ ಇದನ್ನೂ ಸೇರಿಸಿ. ಸ್ಥಾವರದ ಸುತ್ತ ತುರ್ತು ಪರಿಸ್ಥಿತಿಗೆ ಅಂತ ಗುರುತು ಮಾಡಿದ ವಲಯ ಇರುತ್ತದೆ, ಅದರಲ್ಲಿ ಆಗಾಗ ಅಣಕು ಕಾರ್ಯಾಚರಣೆ ಮಾಡಬೇಕು. ನಿಮ್ಮ ಊರು ಆ ಗೆರೆಯ ಒಳಗಿದೆಯಾ, ಹೊರಗಿದೆಯಾ ಅಂತ ಮೊದಲು ಲಿಖಿತವಾಗಿ ಕೇಳಿ. ಒಳಗಿದ್ದರೆ ಕಳೆದ ಕಾರ್ಯಾಚರಣೆ ಯಾವ ತಾರೀಕು ಆಯಿತು, ನಿಮ್ಮ ಊರಿನಿಂದ ಎಷ್ಟು ಜನ ಇದ್ದರು ಅಂತ ಕೇಳಿ. ಕರಡು ಬರೆದ ಮೇಲೆ ಇಲ್ಲಿ ಹಾಕಿ, ತಾಂತ್ರಿಕ ಪದ ತಪ್ಪಿದ್ದರೆ ನಾನು ನೋಡಿಕೊಡುತ್ತೇನೆ.

ಕಡಲ ಬದಿ

ನಿಮ್ಮ ಚಿಕ್ಕಮ್ಮನ ಸಹಿ ಮೊದಲು ಹಾಕಿಸಿ.